ಪೂರ್ವಪಕ್ಷದ ಪಾಠ

ಕಾಲೇಜುಗಳಲ್ಲಿ ಪ್ರವೇಶದ ತಿಂಗಳು ಬಂದಿತೆಂದರೆ ಅಧ್ಯಾಪಕನಾದವನು ಕೆಲವು ದಿನಗಳ ಮಟ್ಟಿಗೆ ಜ್ಯೋತಿಷಿಯೂ ಆಗಬೇಕಾಗುತ್ತದೆ. ಯಾವ ವಿಷಯವನ್ನು ತೆಗೆದುಕೊಂಡರೆ ಹುಡುಗನ ಮುಂದಿನ ದಾರಿ ಹೇಗೆ, ಯಾವುದನ್ನು ಬಿಟ್ಟರೆ ನಷ್ಟವೇನು ಎಂದು ತಂದೆತಾಯಿಗಳು ಕೇಳುತ್ತಾರೆ. ನಮಗೆ ತಿಳಿಯದ ಭವಿಷ್ಯವನ್ನು ತಿಳಿದವರಂತೆ ನಾವು ಹೇಳುತ್ತೇವೆ. ಮೂರು ವರ್ಷಗಳ ಹಿಂದೆ ಹೀಗೆಯೇ ರೈತರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಬಂದು ನನ್ನೆದುರು ಕುಳಿತರು. ಹುಡುಗ ಬಿ.ಎ. ತರಗತಿಗೆ ಸೇರಬೇಕಾಗಿದ್ದವನು. ಕನ್ನಡದ ಜೊತೆಗೆ ತತ್ತ್ವಶಾಸ್ತ್ರವನ್ನು ಐಚ್ಛಿಕವಾಗಿ ಓದಬೇಕೆಂಬುದು ಅವನ ಆಸೆ. ತಂದೆ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಕೇಳಿದರು:

"ಏನ್ ಮೇಷ್ಟ್ರೇ, ಇದ್ನ ಓದಿದ್ರೆ ನನ್ ಮಗ ಕಾವಿ ಉಟ್ಕೊಂಡು ಮಠಕ್ಕೆ ಹೋಯ್ತಾನೋ, ಇಲ್ಲ ದೇವ್ರೇ ಇಲ್ಲ ಅಂದ್ಕೊಂಡು ಊರೆಲ್ಲ ತಿರುಗ್ತಾನೋ? ಎರಡ್ರಲ್ಲಿ ಯಾವ್ದು?"

ನಾನು ನಕ್ಕೆ. ಆದರೆ ಉತ್ತರ ಹೇಳಲಿಲ್ಲ. ಅರ್ಥಶಾಸ್ತ್ರ ತೆಗೆದುಕೊಳ್ಳುವುದು ಕ್ಷೇಮವೆಂದೂ, ತತ್ತ್ವಶಾಸ್ತ್ರವನ್ನು ಬಿಡುವಿನಲ್ಲಿ ಮನೆಯಲ್ಲಿಯೇ ಓದಿಕೊಳ್ಳಬಹುದೆಂದೂ ಹುಡುಗನಿಗೆ ಹೇಳಿದೆ. ಆ ವರ್ಷ ತತ್ತ್ವಶಾಸ್ತ್ರಕ್ಕೆ ಅರ್ಜಿ ಹಾಕಿದ್ದವರು ಮೂವರೇ ಎಂಬುದೂ, ಸಂಖ್ಯೆ ಸಾಲದೆ ವಿಷಯವನ್ನೇ ಕೈಬಿಡಬೇಕಾದೀತೆಂಬ ಮಾತು ಅಧ್ಯಾಪಕರ ಕೊಠಡಿಯಲ್ಲಿ ಓಡಾಡುತ್ತಿದ್ದುದೂ ನನ್ನ ಮನಸ್ಸಿನಲ್ಲಿತ್ತು. ಮೂವರು ಇಬ್ಬರಾದರು. ವಿಷಯ ನಿಂತುಹೋಯಿತು. ಹುಡುಗ ಅರ್ಥಶಾಸ್ತ್ರಕ್ಕೆ ಸೇರಿದ. ನಾನು ಮಾಡಿದ್ದು ಹಿತವೇ ಎಂದು ಆಗ ನಂಬಿದ್ದೆ. ಈ ನಂಬಿಕೆ ಮುರಿದುಬಿದ್ದ ಬಗೆಯನ್ನು ಹೇಳುವುದಕ್ಕಾಗಿಯೇ ಈ ವಾರ ಲೇಖನಿ ಹಿಡಿದಿದ್ದೇನೆ.

ಮರುವರ್ಷ ಅದೇ ತರಗತಿಗೆ ಪಂಪನ ಆದಿಪುರಾಣದಿಂದ ನೀಲಾಂಜನೆಯ ನೃತ್ಯದ ಭಾಗವನ್ನು ಪಾಠ ಹೇಳುತ್ತಿದ್ದೆ. ಪ್ರಸಂಗ ಕನ್ನಡ ಓದಿದವರೆಲ್ಲರಿಗೂ ತಿಳಿದದ್ದೇ. ಆದಿದೇವನ ಆಸ್ಥಾನದಲ್ಲಿ ನೀಲಾಂಜನೆ ನರ್ತಿಸುತ್ತಾಳೆ. ನರ್ತಿಸುತ್ತಿರುವಾಗಲೇ ಅವಳ ಆಯುಸ್ಸು ತೀರಿ ಅದೃಶ್ಯಳಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಕ್ಷಣಮಾತ್ರದಲ್ಲಿ ಅವಳಂತೆಯೇ ಇರುವ ಮತ್ತೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ. ತಿಳಿಯುವುದು ಆದಿದೇವನೊಬ್ಬನಿಗೆ. ಅಲ್ಲಿಂದ ಅವನ ವೈರಾಗ್ಯ ಮೊದಲಾಗುತ್ತದೆ. ಹದಿನೆಂಟು ವರ್ಷಗಳಿಂದ ನಾನು ಈ ಭಾಗವನ್ನು ಪಾಠ ಮಾಡುತ್ತಿದ್ದೇನೆ. ಶೃಂಗಾರದಿಂದ ಶಾಂತಕ್ಕೆ ರಸವು ಹೊರಳುವ ಬಗೆ, ಪಂಪನ ಪದಪ್ರಯೋಗ, ನೃತ್ಯದ ವರ್ಣನೆಯ ಗತಿ, ಇವನ್ನೆಲ್ಲ ವಿವರಿಸಿ ಗಂಟೆ ಹೊಡೆಯುವ ಹೊತ್ತಿಗೆ ಮುಗಿಸುವುದು ನನ್ನ ವಾಡಿಕೆ. ಅಂದು ಆ ಹುಡುಗ ಎದ್ದು ನಿಂತು ಕೇಳಿದ: "ಸಾರ್, ಆದಿದೇವ ದೇವರಲ್ಲವೇ? ದೇವರಾದರೆ ಅವನಿಗೆ ವೈರಾಗ್ಯ ಹೊಸದಾಗಿ ಏಕೆ ಬರಬೇಕು? ಅವನಿಗೆ ನೆನಪು ಹುಟ್ಟಿಸುವುದಕ್ಕೆ ಇಂದ್ರ ಏಕೆ ಬೇಕಾಯಿತು?"

ಪ್ರಶ್ನೆ ಸರಳ. ಉತ್ತರವಾಗಿ ನಾನು ಹೇಳಿದ್ದು ಮಾತ್ರ ಏನೇನೂ ಅಲ್ಲ. ಅದು ಕವಿಸಮಯ, ಪುರಾಣದ ಸಂಪ್ರದಾಯ ಎಂದು ಎರಡು ಮಾತು ತೇಲಿಸಿ ಮುಂದಿನ ಪದ್ಯಕ್ಕೆ ಹೋದೆ. ಹುಡುಗ ಕುಳಿತುಕೊಂಡ. ಅವನಿಗೆ ತೃಪ್ತಿಯಾಗಿರಲಿಲ್ಲವೆಂಬುದು ಮುಖದಲ್ಲಿಯೇ ಕಾಣುತ್ತಿತ್ತು, ನನಗೂ ಆಗಿರಲಿಲ್ಲ. ಅಂದು ಸಂಜೆ, ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದು ನಿವೃತ್ತರಾದ ನಮ್ಮ ಊರಿನ ಹಿರಿಯರೊಬ್ಬರ ಮನೆಗೆ ಹೋದೆ. ಅವರು ಕಾಫಿ ತರಿಸಿಕೊಟ್ಟು, ಅರ್ಧ ಗಂಟೆಯಲ್ಲಿ ನನ್ನ ಹದಿನೆಂಟು ವರ್ಷಗಳ ಪಾಠವನ್ನು ಬುಡಮೇಲು ಮಾಡಿದರು.

ಜೈನದರ್ಶನದಲ್ಲಿ ಜಗತ್ತನ್ನು ಸೃಷ್ಟಿಸಿದ ಈಶ್ವರನಿಲ್ಲ. ತೀರ್ಥಂಕರನು ಸೃಷ್ಟಿಕರ್ತನಲ್ಲ, ಕರ್ಮವನ್ನು ಕಳಚಿ ಮೇಲೇರಿದ ಜೀವ. ಇಂದ್ರಾದಿ ದೇವತೆಗಳು ಭೋಗದಲ್ಲಿ ಹೆಚ್ಚಿನವರಾದರೂ ಬಿಡುಗಡೆಯ ದಾರಿಯಲ್ಲಿ ಮನುಷ್ಯನಿಗಿಂತ ಕೆಳಗಿನವರು, ಏಕೆಂದರೆ ಮೋಕ್ಷ ಸಾಧ್ಯವಾಗುವುದು ಮನುಷ್ಯಜನ್ಮದಲ್ಲಿ ಮಾತ್ರ. ಆದುದರಿಂದ ಆದಿದೇವನಿಗೆ ವೈರಾಗ್ಯ ಬರಲೇಬೇಕು. ಬಾರದಿದ್ದರೆ ಅವನು ತೀರ್ಥಂಕರನಾಗುವ ಬಗೆಯಿಲ್ಲ. ಇಷ್ಟೇ ಅಲ್ಲ. ವಸ್ತುವೆಂಬುದು ಹುಟ್ಟುವುದು, ಅಳಿಯುವುದು, ಉಳಿಯುವುದು ಈ ಮೂರನ್ನೂ ಒಟ್ಟಿಗೆ ಒಳಗೊಂಡಿರುತ್ತದೆಂದು ಜೈನರು ಹೇಳುತ್ತಾರೆ. ದ್ರವ್ಯ ಉಳಿಯುತ್ತದೆ, ಪರ್ಯಾಯಗಳು ಕ್ಷಣಕ್ಷಣಕ್ಕೂ ಬದಲಾಗುತ್ತವೆ. ನೀಲಾಂಜನೆ ಅಳಿದು ಅವಳ ಸ್ಥಾನದಲ್ಲಿ ಅವಳಂತೆಯೇ ಇರುವ ಇನ್ನೊಬ್ಬಳು ನಿಂತು, ನೋಡುವವರ ಕಣ್ಣಿಗೆ ನೃತ್ಯ ಒಂದೇ ಆಗಿ ಹರಿಯುತ್ತದೆ. ದರ್ಶನದ ಒಂದು ಸೂಕ್ಷ್ಮವಾದ ಪ್ರಮೇಯವನ್ನು ಪಂಪನು ರಂಗದ ಮೇಲೆ ಕುಣಿಸಿ ತೋರಿಸಿದ್ದಾನೆ! ನಾನು ಅದನ್ನು ರಸವರ್ಣನೆಯೆಂದಷ್ಟೇ ಓದಿ ಹದಿನೆಂಟು ತಂಡಗಳಿಗೆ ದಾಟಿಸಿದ್ದೆ. ಪಂಪನಿಗೆ ಆಕರವಾದ ಜಿನಸೇನಾಚಾರ್ಯರ ಸಂಸ್ಕೃತ ಮಹಾಪುರಾಣದಲ್ಲಿ, ಲೋಕಕ್ಕೆ ಕರ್ತನೊಬ್ಬನಿದ್ದಾನೆಂಬ ವಾದವನ್ನು ಒಂದೊಂದಾಗಿ ಬಿಡಿಸಿ ಖಂಡಿಸುವ ಭಾಗವೇ ಇದೆಯೆಂದೂ ಆ ಹಿರಿಯರು ತಿಳಿಸಿದರು. ನನ್ನ ಎಂ.ಎ. ಪಠ್ಯದಲ್ಲಿ ಜಿನಸೇನರ ಹೆಸರಿತ್ತು, ವಾದವಿರಲಿಲ್ಲ.

ಹಿಂದಿರುಗುವಾಗ ನನ್ನನ್ನು ಕಾಡಿದ್ದು ನನ್ನ ಅಜ್ಞಾನಕ್ಕಿಂತ ಹೆಚ್ಚಾಗಿ ಇದು: ಆ ಹುಡುಗ ಯಾವ ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಬೇಕಾಗಿತ್ತೋ ಆ ತರಗತಿಯ ಬಾಗಿಲನ್ನು ಮುಚ್ಚಿದವರಲ್ಲಿ ನಾನೂ ಒಬ್ಬ.

ಕನ್ನಡದ ಪ್ರಾಚೀನ ಸಾಹಿತ್ಯದ ಬಹುಭಾಗ ಇಂಥದೇ. ವಚನಗಳನ್ನು ಓದಿಸುತ್ತೇವೆ, ಷಟ್ಸ್ಥಲಗಳ ಹೆಸರುಗಳನ್ನು ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಕಂಠಪಾಠ ಮಾಡಿಸುತ್ತೇವೆ, ಅಲ್ಲಮನ ಶೂನ್ಯಕ್ಕೂ ನಾಗಾರ್ಜುನನ ಶೂನ್ಯಕ್ಕೂ ಇರುವ ಅಂತರವೇನೆಂದು ಕೇಳಿದರೆ ನಮ್ಮಲ್ಲಿ ಹಲವರು ಕೆಮ್ಮುತ್ತೇವೆ. ದಾಸರ ಕೀರ್ತನೆಗಳಲ್ಲಿ ಮಧ್ವಮತದ ಪಂಚಭೇದವೂ ತಾರತಮ್ಯವೂ ಹಾಸುಹೊಕ್ಕಾಗಿವೆ. ನಾವು ರಾಗತಾಳಗಳನ್ನೂ ಸಮಾಜವಿಮರ್ಶೆಯನ್ನೂ ಹೇಳಿ ಮುಗಿಸುತ್ತೇವೆ. ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿಯನ್ನು ಸಾಹಿತ್ಯಚರಿತ್ರೆಯಲ್ಲಿ ಒಂದು ಸಾಲಿನಲ್ಲಿ ಹೆಸರಿಸಿ ಮುಂದೆ ಸಾಗುತ್ತೇವೆ. ಜಮಖಂಡಿಯಲ್ಲಿ ಹುಟ್ಟಿ, ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ನಿಂಬಾಳದಲ್ಲಿ ನೆಲೆನಿಂತ ರಾ. ದ. ರಾನಡೆಯವರು ಕನ್ನಡದ ಅನುಭಾವಿಗಳನ್ನು ಕುರಿತು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟರು. ಅವು 1960ರಲ್ಲಿ, ಅವರು ತೀರಿಕೊಂಡ ಮೇಲೆ, ಗ್ರಂಥವಾಗಿ ಹೊರಬಂದವು. ತತ್ತ್ವಶಾಸ್ತ್ರದವರು ಕನ್ನಡವನ್ನು ಓದಿದ್ದಾರೆ. ಕನ್ನಡದವರಾದ ನಾವು ಆ ಸಾಲವನ್ನು ತೀರಿಸಿಲ್ಲ.

ಇನ್ನು ಆ ರೈತರ ಪ್ರಶ್ನೆಗೆ ಬರೋಣ. ಅವರು ಬಾಯಿಬಿಟ್ಟು ಕೇಳದೆ ಉಳಿಸಿದ ಮೂರನೆಯ ಪ್ರಶ್ನೆಯೊಂದಿತ್ತು: ಅನ್ನ. ಅದನ್ನು ಬೇಗನೆ ಹೇಳಿ ಮುಗಿಸುತ್ತೇನೆ. ತತ್ತ್ವಶಾಸ್ತ್ರದ ಅಧ್ಯಾಪಕ ಹುದ್ದೆಗಳು ಕಡಮೆ. ಇದನ್ನು ಮುಚ್ಚಿಟ್ಟು ಹುಡುಗರನ್ನು ಹುರಿದುಂಬಿಸುವುದು ಅಪ್ರಾಮಾಣಿಕತೆ. ಆದರೆ ಬಾಗಿಲು ಅದೊಂದೇ ಅಲ್ಲ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ತತ್ತ್ವಶಾಸ್ತ್ರವು 500 ಅಂಕಗಳ ಐಚ್ಛಿಕ ವಿಷಯ. ಉತ್ತರಗಳನ್ನು ಕನ್ನಡದಲ್ಲಿಯೂ ಬರೆಯಬಹುದು. 2013ರಿಂದ ನೀತಿಶಾಸ್ತ್ರದ 250 ಅಂಕಗಳ ಪತ್ರಿಕೆಯೊಂದು ಎಲ್ಲರಿಗೂ ಕಡ್ಡಾಯವಾಗಿದೆ. ವಿಶ್ವವಿದ್ಯಾಲಯಗಳ ಅಧ್ಯಾಪಕ ಅರ್ಹತಾ ಪರೀಕ್ಷೆಯಲ್ಲಿ ತತ್ತ್ವಶಾಸ್ತ್ರವಲ್ಲದೆ ಧರ್ಮಗಳ ತೌಲನಿಕ ಅಧ್ಯಯನವೂ ಪ್ರತ್ಯೇಕ ವಿಷಯವಾಗಿದೆ. ಇವೆಲ್ಲ ಅನ್ನದ ಖಾತರಿಯಲ್ಲ, ನಿಜ. ಅರ್ಥಶಾಸ್ತ್ರದ ಬಿ.ಎ.ಯೂ ಖಾತರಿಯೇನಲ್ಲವೆಂಬುದನ್ನು ನಾನು ಅಂದು ಆ ತಂದೆಗೆ ಹೇಳಲಿಲ್ಲ, ಅಷ್ಟೆ.

ಈ ವಿಷಯವನ್ನು ಆರಿಸಿಕೊಂಡವರೆಲ್ಲ ಅನ್ನದ ಚಿಂತೆಯಿಲ್ಲದ ಸಿರಿವಂತರೆಂದು ಭಾವಿಸಬೇಕಾಗಿಯೂ ಇಲ್ಲ. ಸರ್ವಪಲ್ಲಿ ರಾಧಾಕೃಷ್ಣನ್ ಅವರು ತತ್ತ್ವಶಾಸ್ತ್ರಕ್ಕೆ ಬಂದದ್ದು ಬಡತನದ ದೆಸೆಯಿಂದಲೇ ಎನ್ನಬಹುದು. ಪದವಿ ಮುಗಿಸಿದ ಬಂಧುವೊಬ್ಬರು ಮನಶ್ಶಾಸ್ತ್ರ, ತರ್ಕ, ನೀತಿಶಾಸ್ತ್ರಗಳ ಮೂರು ಪಠ್ಯಪುಸ್ತಕಗಳನ್ನು ಅವರಿಗೆ ಕೊಟ್ಟರು; ಓದುವ ವಿಷಯ ಅಷ್ಟರಿಂದಲೇ ನಿಶ್ಚಯವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಹಿಂದೂ ಧರ್ಮವನ್ನು ಕುರಿತು ಕೇಳಿದ ಟೀಕೆಗಳು ಅವರನ್ನು ಕೆಣಕಿದವು. ವೇದಾಂತದಲ್ಲಿ ನೀತಿಗೆ ಸ್ಥಾನವಿಲ್ಲವೆಂಬ ಆಕ್ಷೇಪಕ್ಕೆ ಸಮಾಧಾನವಾಗಿ ಎಂ.ಎ. ಪ್ರಬಂಧವನ್ನು ಬರೆದರು, 1908ರಲ್ಲಿ ಅದು ಅಚ್ಚಾಯಿತು. ಅವರ ಜೀವಮಾನದ ಕೆಲಸಕ್ಕೆ ಮೊದಲ ನೂಕು ಕೊಟ್ಟದ್ದು ತನ್ನವರ ಹೊಗಳಿಕೆಯಲ್ಲ, ಎದುರಿನವರ ಆಕ್ಷೇಪ. 1918ರಿಂದ 1921ರವರೆಗೆ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿದ್ದರು. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರ ಸಾರೋಟನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣ ಮುಟ್ಟಿಸಿದ ಕಥೆಯನ್ನು ಮೈಸೂರಿಗರು ಇಂದಿಗೂ ಹೇಳುತ್ತಾರೆ. ಎಳೆದವರು ತತ್ತ್ವಶಾಸ್ತ್ರದ ಹುಡುಗರು. ಅವರೆಲ್ಲರ ಮನೆಯಲ್ಲೂ ಕಣಜ ತುಂಬಿತ್ತೇ?

2025ರಲ್ಲಿ ನಮ್ಮನ್ನಗಲಿದ ಎಸ್. ಎಲ್. ಭೈರಪ್ಪನವರ ಮಾತೂ ಇಲ್ಲಿ ಸಲ್ಲುತ್ತದೆ. ಬಾಲ್ಯದಲ್ಲಿಯೇ ಪ್ಲೇಗು ಅವರ ತಾಯಿಯನ್ನೂ ಒಡಹುಟ್ಟಿದವರನ್ನೂ ಒಯ್ದಿತು. ಸಾವೆಂದರೇನೆಂಬ ಪ್ರಶ್ನೆ ಹಿಡಿದು ಆ ಬಡಹುಡುಗ ಮೈಸೂರಿನಲ್ಲಿ ತತ್ತ್ವಶಾಸ್ತ್ರವನ್ನು ಓದಿದ. ಮುಂದೆ ಬರೋಡಾದಲ್ಲಿ ಸತ್ಯ ಮತ್ತು ಸೌಂದರ್ಯಗಳನ್ನು ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಪಡೆದ. ಅವರ ಕಾದಂಬರಿಗಳ ನಿಲುವುಗಳನ್ನು ಒಪ್ಪುವವರಿದ್ದಾರೆ, ಒಪ್ಪದವರಿದ್ದಾರೆ. ನಾನು ಹಲವೆಡೆ ಒಪ್ಪದವನು. ಆದರೆ ಜೀವನವೇ ಕೊಟ್ಟ ಪ್ರಶ್ನೆಯೊಂದನ್ನು ಹಿಡಿದುಕೊಂಡು ಹುಡುಗನೊಬ್ಬ ಬಂದಾಗ, ಅದನ್ನು ಇಟ್ಟುಕೊಂಡು ಕೂರಲು ವಿಶ್ವವಿದ್ಯಾಲಯದಲ್ಲಿ ಒಂದು ಬೆಂಚು ಇತ್ತೆಂಬುದು ಸಾಮಾನ್ಯವಾದ ಸಂಗತಿಯಲ್ಲ.

ಹಾಗಾದರೆ ಕಾವಿಯೋ, ನಾಸ್ತಿಕ್ಯವೋ? ತಂದೆಯ ಈ ಭಯದ ಹಿಂದೆ ಒಂದು ತಪ್ಪು ತಿಳಿವಳಿಕೆಯಿದೆ. ಅದು ಅವರೊಬ್ಬರದಲ್ಲ, ವಿದ್ಯಾವಂತರದೂ ಹೌದು. ಧರ್ಮವನ್ನು ಓದುವುದೆಂದರೆ ಒಂದೋ ಅದನ್ನು ಹಿಡಿಯುವುದು, ಇಲ್ಲವೇ ಬಿಡುವುದು ಎಂದು ನಾವು ತಿಳಿದಿದ್ದೇವೆ. ಹಿಡಿಸುವ ಕೆಲಸಕ್ಕೆ ಮನೆಯಿದೆ, ಗುಡಿಯಿದೆ, ಮಠವಿದೆ, ಮಸೀದಿಯಿದೆ, ಇಗರ್ಜಿಯಿದೆ; ಬಿಡಿಸುವುದಕ್ಕೆ ವೇದಿಕೆಗಳೂ ಭಾಷಣಕಾರರೂ ಇದ್ದಾರೆ. ವಿಶ್ವವಿದ್ಯಾಲಯದ ಕೆಲಸ ಈ ಎರಡೂ ಅಲ್ಲ. ನಮ್ಮ ಸಂವಿಧಾನವೂ ಈ ಭೇದವನ್ನು ಗಮನಿಸಿದೆ. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣಸಂಸ್ಥೆಗಳಲ್ಲಿ ಮತಬೋಧನೆ ಕೂಡದೆಂದು 28ನೆಯ ಅನುಚ್ಛೇದ ವಿಧಿಸುತ್ತದೆ. ಇದನ್ನೇ ಮುಂದೊಡ್ಡಿ ಧರ್ಮದ ಅಧ್ಯಯನವನ್ನೇ ದೂರವಿಡಬೇಕೆಂದು ವಾದಿಸಿದವರುಂಟು. ಆದರೆ 1971ರಲ್ಲಿ, ಪಂಜಾಬಿನ ವಿಶ್ವವಿದ್ಯಾಲಯವೊಂದು ಗುರು ನಾನಕರ ಜೀವನ ಮತ್ತು ಬೋಧನೆಗಳ ಅಧ್ಯಯನಕ್ಕೆ ಏರ್ಪಾಡು ಮಾಡಿದುದನ್ನು ಕುರಿತ ಮೊಕದ್ದಮೆಯಲ್ಲಿ, ವಿದ್ವತ್ತಿನ ಅಧ್ಯಯನವು ಮತಬೋಧನೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 2002ರಲ್ಲಿ ಅರುಣಾ ರಾಯ್ ಅವರ ಮೊಕದ್ದಮೆಯಲ್ಲಿಯೂ ಧರ್ಮಗಳನ್ನು ಕುರಿತ ಅಧ್ಯಯನಕ್ಕೆ ಸಂವಿಧಾನ ಅಡ್ಡಿಯಲ್ಲವೆಂಬ ತೀರ್ಪು ಬಂದಿತು. ಅದಕ್ಕೂ ಬಹಳ ಹಿಂದೆ, 1948ರಲ್ಲಿ ನೇಮಕವಾಗಿ 1949ರಲ್ಲಿ ವರದಿ ಕೊಟ್ಟ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು, ಅದೇ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ, ಪದವಿಯ ಮೊದಲ ವರ್ಷ ಬುದ್ಧ, ಸಾಕ್ರಟೀಸ್, ಏಸು, ಶಂಕರ, ರಾಮಾನುಜ, ಮಧ್ವ, ಮಹಮ್ಮದ್, ಕಬೀರ, ನಾನಕ್, ಗಾಂಧಿ ಮೊದಲಾದವರ ಜೀವನಚರಿತ್ರೆಗಳನ್ನೂ, ಎರಡನೆಯ ವರ್ಷ ಧರ್ಮಗ್ರಂಥಗಳಿಂದ ಆಯ್ದ ಭಾಗಗಳನ್ನೂ, ಮೂರನೆಯ ವರ್ಷ ಧರ್ಮದ ತಾತ್ತ್ವಿಕ ಸಮಸ್ಯೆಗಳನ್ನೂ ಓದಿಸಬೇಕೆಂದು ಸೂಚಿಸಿತ್ತು. ಆ ಪಟ್ಟಿಯಲ್ಲಿ ಕನ್ನಡ ನಾಡಿನ ನೆಲದಲ್ಲಿ ನಡೆದಾಡಿದ ಆಚಾರ್ಯರೇ ಮೂವರಿದ್ದಾರೆಂಬುದನ್ನು ವಾಚಕರು ಗಮನಿಸಬೇಕು. ವರದಿ ಗ್ರಂಥಾಲಯದಲ್ಲಿದೆ.

ಮತಬೋಧನೆಗೂ ಧರ್ಮದ ಅಧ್ಯಯನಕ್ಕೂ ಇರುವ ಅಂತರವನ್ನು ನ್ಯಾಯಾಲಯದ ಮಾತಿನಲ್ಲಿ ಹೇಳುವುದಕ್ಕಿಂತ ನಮ್ಮದೇ ಗ್ರಂಥವೊಂದನ್ನು ತೆರೆದು ತೋರಿಸುವುದು ಲೇಸು. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಆಶ್ರಯದಲ್ಲಿ, ಸರ್ವದರ್ಶನಸಂಗ್ರಹವೆಂಬ ಸಂಸ್ಕೃತ ಕೃತಿಯೊಂದು ಹುಟ್ಟಿತು. ಅದು ಮಾಧವಾಚಾರ್ಯರ ಹೆಸರಿನಲ್ಲಿದೆ. ಶೃಂಗೇರಿಯ ವಿದ್ಯಾರಣ್ಯರೇ ಆ ಮಾಧವರೆಂದು ಸಂಪ್ರದಾಯ ಹೇಳುತ್ತದೆ. ಕರ್ತೃತ್ವವನ್ನು ಕುರಿತು ವಿದ್ವಾಂಸರಲ್ಲಿ ಏಕಮತವಿಲ್ಲ. ಅದು ಹೇಗೂ ಇರಲಿ. ಗ್ರಂಥಕಾರರು ಅದ್ವೈತಿಗಳು. ಹದಿನಾರು ದರ್ಶನಗಳನ್ನು ವಿವರಿಸುವ ಈ ಗ್ರಂಥದಲ್ಲಿ ತಮ್ಮದಾದ ಶಂಕರದರ್ಶನವನ್ನು ಅವರು ಇಟ್ಟಿರುವುದು ಕಟ್ಟಕಡೆಗೆ. ಮೊದಲ ಅಧ್ಯಾಯವನ್ನು ಕೊಟ್ಟಿರುವುದು ಚಾರ್ವಾಕನಿಗೆ! ವೇದವಿಲ್ಲ, ಆತ್ಮವಿಲ್ಲ, ಪರಲೋಕವಿಲ್ಲ ಎಂದವನಿಗೆ.

ಅಣಕಿಸಿ ಕೊಟ್ಟಿದ್ದಾರೆಯೇ? ಇಲ್ಲ. ಚಾರ್ವಾಕನ ಅತ್ಯಂತ ಬಲವಾದ ವಾದವನ್ನೇ ಎತ್ತಿಕೊಂಡಿದ್ದಾರೆ. ಹೊಗೆಯಿದ್ದಲ್ಲಿ ಬೆಂಕಿಯಿದೆಯೆಂದು ಊಹಿಸುತ್ತೀರಲ್ಲ, ಎಲ್ಲ ಕಾಲದ, ಎಲ್ಲ ಸ್ಥಳದ ಹೊಗೆಯನ್ನೂ ನೀವು ಕಂಡಿದ್ದೀರಾ? ಕಂಡದ್ದು ಅಡುಗೆಮನೆಯ ನಾಲ್ಕು ಹೊಗೆ. ಉಳಿದುದರ ಬಗ್ಗೆ ನಿಮಗೆ ಯಾವುದರಿಂದ ತಿಳಿಯಿತು? ಪ್ರತ್ಯಕ್ಷದಿಂದ ಸಾಧ್ಯವಿಲ್ಲ. ಅನುಮಾನದಿಂದ ಎಂದರೆ ಆ ಅನುಮಾನಕ್ಕೆ ಇನ್ನೊಂದು ಅನುಮಾನ ಬೇಕು, ಅದಕ್ಕೆ ಮತ್ತೊಂದು. ವಾದದ ತಿರುಳು ಇದು. ಇಂದಿಗೂ ಯಾವ ತರಗತಿಯಲ್ಲಿ ಇದನ್ನು ಹೇಳಿದರೂ ಹುಡುಗರು ನೆಟ್ಟಗೆ ಕುಳಿತು ಕೇಳುತ್ತಾರೆ. ಆಮೇಲೆ ಬೌದ್ಧನು ಬಂದು ಚಾರ್ವಾಕನಿಗೆ ಉತ್ತರ ಕೊಡುತ್ತಾನೆ: ಕಾರ್ಯಕಾರಣಸಂಬಂಧವಿದ್ದಲ್ಲಿ ವ್ಯಾಪ್ತಿ ನಿಶ್ಚಯವಾಗುತ್ತದೆ ಎಂದು. ಬೌದ್ಧನ ಕ್ಷಣಿಕವಾದವನ್ನು ಜೈನನು ಹಿಡಿದು ನಿಲ್ಲಿಸುತ್ತಾನೆ: ಎಲ್ಲವೂ ಕ್ಷಣಿಕವಾದರೆ ಕರ್ಮ ಮಾಡಿದವನೊಬ್ಬ, ಫಲ ಉಣ್ಣುವವನೊಬ್ಬ ಆಗಲಿಲ್ಲವೇ? ಜೈನನ ಸ್ಯಾದ್ವಾದವನ್ನು ರಾಮಾನುಜೀಯನು ಪ್ರಶ್ನಿಸುತ್ತಾನೆ, ರಾಮಾನುಜೀಯನನ್ನು ಮಾಧ್ವನು. ಹೀಗೆ ಪ್ರತಿಯೊಬ್ಬನೂ ತನ್ನ ಅಧ್ಯಾಯದಲ್ಲಿ ಮನೆಯ ಯಜಮಾನ; ಮುಂದಿನ ಅಧ್ಯಾಯದಲ್ಲಿ ಮಾತ್ರ ಆಕ್ಷೇಪಕ್ಕೆ ಗುರಿ. ಚಾರ್ವಾಕರ ಮೂಲಗ್ರಂಥಗಳು ನಷ್ಟವಾಗಿ, ಅವರ ಮತವನ್ನು ತಿಳಿಯಲು ಇಂದು ನಮಗೆ ಮುಖ್ಯ ಆಧಾರಗಳಲ್ಲೊಂದು ಅವರ ವಿರೋಧಿಯೊಬ್ಬರು ಬರೆದಿಟ್ಟ ಈ ಅಧ್ಯಾಯವೇ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ, ಬಳಿಕ ಉತ್ತರಿಸುವುದು: ಪೂರ್ವಪಕ್ಷವೆಂದು ನಮ್ಮ ಹಿರಿಯರು ಕರೆದದ್ದು ಇದನ್ನು.

ಗ್ರಂಥದಲ್ಲಿ ಕೊರತೆಯಿಲ್ಲವೆಂದಲ್ಲ. ಬಸವಾದಿ ಶರಣರು ಬಂದುಹೋಗಿ ಎರಡು ಶತಮಾನಗಳು ಕಳೆದಿದ್ದರೂ ವೀರಶೈವಕ್ಕೆ ಇಲ್ಲಿ ಪ್ರತ್ಯೇಕ ಅಧ್ಯಾಯವಿಲ್ಲ. ಕೃಷ್ಣೆಯಾಚೆ ಬಹಮನಿ ರಾಜ್ಯ ನೆಲೆಯೂರುತ್ತಿದ್ದ ಕಾಲ. ಇಸ್ಲಾಮಿನ ಮಾತೇ ಇಲ್ಲ. ಕನ್ನಡದಲ್ಲಿ ಬರೆದವರ ಚಿಂತನೆ ದರ್ಶನವೆಂಬ ಗೌರವಕ್ಕೆ ಪಾತ್ರವಾಗಲಿಲ್ಲವೇನೋ. ಇಂದಿನ ಪದವಿ ಮಾಡಬೇಕಾದದ್ದು ಈ ಉಳಿದ ಅಧ್ಯಾಯಗಳನ್ನು ಬರೆಯುವ ಕೆಲಸ.

ಪೂರ್ವಪಕ್ಷದ ಈ ಶಿಸ್ತು ಆಧುನಿಕ ವಿಶ್ವವಿದ್ಯಾಲಯದಲ್ಲಿಯೂ ಬದುಕಬಲ್ಲದೆಂಬುದಕ್ಕೆ ಮೈಸೂರಿನ ಎಂ. ಹಿರಿಯಣ್ಣನವರು ಸಾಕ್ಷಿ. ಅವರು ಸಂಸ್ಕೃತದ ಪ್ರಾಧ್ಯಾಪಕರು. ಭಾರತೀಯ ದರ್ಶನಗಳನ್ನು ಕುರಿತು ಮೈಸೂರಿನಲ್ಲಿ ವರ್ಷವರ್ಷವೂ ಹೇಳಿದ ಪಾಠಗಳೇ 1932ರಲ್ಲಿ ಇಂಗ್ಲಿಷ್ ಗ್ರಂಥವಾಗಿ ಹೊರಬಂದು, ಇಂದಿಗೂ ದೇಶವಿದೇಶಗಳ ತರಗತಿಗಳಲ್ಲಿ ಓದಿಸಲ್ಪಡುತ್ತಿವೆ. ಆ ಗ್ರಂಥವನ್ನು ಓದಿ ಗ್ರಂಥಕಾರರ ಮತ ಯಾವುದೆಂದು ಕಂಡುಹಿಡಿಯುವುದು ಸುಲಭವಲ್ಲ. ಆಯಾ ದರ್ಶನದ ಅಧ್ಯಾಯವನ್ನು ಆಯಾ ದರ್ಶನದವರೇ ಬರೆದಂತಿದೆ. ಅಷ್ಟು ನಿಷ್ಪಕ್ಷಪಾತ, ಅಷ್ಟು ಮಿತಭಾಷೆ. ಇಂಥ ಗ್ರಂಥ ಮಠದಲ್ಲಿ ಹುಟ್ಟಲಾರದು. ಮಠವನ್ನು ಹೀಗಳೆಯುವುದಕ್ಕೆ ಹೇಳುತ್ತಿಲ್ಲ. ಮಠದ ಕೆಲಸ ತನ್ನ ಮತವನ್ನು ಉಳಿಸುವುದು.

ಈಗಿನ ಸ್ಥಿತಿ ಏನು? ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಮತ್ತು ಧರ್ಮಕ್ಕೆ ಒಂದೇ ವಿಭಾಗವಿದೆ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ ಧರ್ಮಾಧ್ಯಯನಕ್ಕೇ ಒಂದು ವಿಭಾಗವಿದೆ. ನಮ್ಮಲ್ಲಿ ತತ್ತ್ವಶಾಸ್ತ್ರ ವಿಭಾಗಗಳಲ್ಲದೆ ಜೈನಶಾಸ್ತ್ರಕ್ಕೊಂದು, ಕ್ರೈಸ್ತಧರ್ಮಕ್ಕೊಂದು, ಬಸವತತ್ತ್ವಕ್ಕೊಂದು ಎಂಬಂತೆ ವಿಭಾಗಗಳೂ ಪೀಠಗಳೂ ಬೇರೆಬೇರೆಯಾಗಿ ಹುಟ್ಟಿಕೊಂಡಿವೆ. ಒಳ್ಳೆಯ ಕೆಲಸ ಮಾಡಿರುವವೂ ಅವುಗಳಲ್ಲಿ ಇವೆ; ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ ಐದು ಸಂಪುಟಗಳಲ್ಲಿ ಹೊರತಂದ ಶೂನ್ಯಸಂಪಾದನೆಯ ಇಂಗ್ಲಿಷ್ ಅನುವಾದದಂಥ ಕಾರ್ಯವನ್ನು ಯಾರು ಮರೆಯಬಲ್ಲರು? ಆದರೆ ಒಂದು ಪೀಠದ ವಿದ್ಯಾರ್ಥಿ ಇನ್ನೊಂದರ ಹೊಸ್ತಿಲು ತುಳಿಯುವುದು ಅಪರೂಪ. ಜಯಂತಿಯ ದಿನ ಭಾಷಣ, ಹೂಮಾಲೆ, ಸ್ಮರಣಸಂಚಿಕೆ. ತನ್ನವರು ತನ್ನವರನ್ನು ಹೊಗಳುವುದಕ್ಕೆ ವಿಶ್ವವಿದ್ಯಾಲಯದ ಕಟ್ಟಡವೇ ಆಗಬೇಕಾಗಿಲ್ಲ. ಇನ್ನೊಂದು ಕಡೆ ತತ್ತ್ವಶಾಸ್ತ್ರದ ತರಗತಿಗಳು ಗೈಡುಗಳ ಪಾಲಾಗಿವೆ. ಮಾಯೆಯ ಮೇಲೆ ಐದು ಅಂಕದ ಟಿಪ್ಪಣಿ, ಪ್ಲೇಟೋವಿನ ಮೇಲೆ ಹತ್ತು ಅಂಕದ ಪ್ರಬಂಧ. ಮಾಯಾವಾದವನ್ನು ಮಾಧ್ವರು ಏಕೆ ಒಪ್ಪಲಿಲ್ಲವೆಂದು ಯಾವ ಪ್ರಶ್ನೆಪತ್ರಿಕೆಯೂ ಕೇಳದಿದ್ದರೆ ಹುಡುಗನೇಕೆ ಓದಿಯಾನು? ನಡುನಡುವೆ ಪದವಿಯ ಸ್ವರೂಪವೇ ಅಲುಗಾಡುತ್ತದೆ. 2021ರಲ್ಲಿ ನಾಲ್ಕು ವರ್ಷದ ವ್ಯವಸ್ಥೆ ಬಂದಿತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಹೀಗೆ ಪಾತ್ರೆ ಬದಲಾಯಿಸುವಾಗಲೆಲ್ಲ ಚೆಲ್ಲಿಹೋಗುವುದು ಇಂಥ ಸಣ್ಣ ವಿಷಯಗಳೇ.

ಒಂದು ಮಾತಿನ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಕನ್ನಡದ ಮೇಷ್ಟರ ಚಟವೆಂದು ವಾಚಕರು ಕ್ಷಮಿಸಬೇಕು. ನಮ್ಮ ಭಾಷೆಯಲ್ಲಿ ‘ಮತ’ವೆಂಬ ಒಂದೇ ಶಬ್ದ ಧರ್ಮವನ್ನೂ ಹೇಳುತ್ತದೆ, ಅಭಿಪ್ರಾಯವನ್ನೂ ಹೇಳುತ್ತದೆ, ಚುನಾವಣೆಯ ಪೆಟ್ಟಿಗೆಗೆ ಬೀಳುವ ಓಟನ್ನೂ ಹೇಳುತ್ತದೆ. ಧಾತುವಿನ ಪ್ರಕಾರ ಮತವೆಂದರೆ ಮನನ ಮಾಡಿದ್ದು. ಮನನ ಮಾಡದೆ ಹಿಡಿದದ್ದು ಮತವಾದೀತೇ? ಮೂರು ಅರ್ಥಗಳಲ್ಲಿ ನಡುವಿನದು ಸಡಿಲವಾದಂತೆಲ್ಲ ಮೊದಲನೆಯದೂ ಮೂರನೆಯದೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದರ ಫಲವನ್ನು ನಮ್ಮ ಊರುಗಳಲ್ಲಿ ಕಾಣುತ್ತಿದ್ದೇವೆ. ನೆರೆಯವನ ಹಬ್ಬದ ದಿನ ಯಾವುದೆಂದು ಗೊತ್ತು, ಅವನ ಮೆರವಣಿಗೆಯ ದಾರಿ ಯಾವುದೆಂದು ಗೊತ್ತು. ಅವನು ಏನನ್ನು ನಂಬುತ್ತಾನೆ, ಏಕೆ ನಂಬುತ್ತಾನೆಂದು ಮಾತ್ರ ಗೊತ್ತಿಲ್ಲ. ಮೇಲುಕೋಟೆ, ಶ್ರವಣಬೆಳಗೊಳ, ಶೃಂಗೇರಿ, ಉಡುಪಿ, ಕೂಡಲಸಂಗಮ, ಕಲಬುರಗಿಯ ಬಂದೇ ನವಾಜರ ದರ್ಗಾ, ಕಿಟ್ಟೆಲ್ ಕೋಶವನ್ನು ಅಚ್ಚುಮಾಡಿದ ಮಂಗಳೂರಿನ ಬಾಸೆಲ್ ಮಿಷನ್, ಇವೆಲ್ಲವೂ ಇರುವ ನಾಡಿನ ಪದವೀಧರನು ಇವುಗಳಲ್ಲಿ ಒಂದರ ಒಳಗನ್ನಾದರೂ ತನ್ನದಲ್ಲದ ಕಣ್ಣಿನಿಂದ ನೋಡಲು ಕಲಿಯದೆ ಹೊರಬೀಳುತ್ತಿದ್ದಾನೆ.

ನಮ್ಮ ವಿಶ್ವವಿದ್ಯಾಲಯಗಳನ್ನು ನಾನು ಕೇಳುವುದು ಹೆಚ್ಚಿನದೇನಲ್ಲ. ಕನ್ನಡ ಎಂ.ಎ.ಯಲ್ಲಿ ದರ್ಶನಗಳ ಒಂದು ಪತ್ರಿಕೆ ಇರಲಿ. ಅದನ್ನು ನಮ್ಮಂಥ ಕನ್ನಡದವರಲ್ಲ, ತತ್ತ್ವಶಾಸ್ತ್ರದವರೇ ಪಾಠ ಹೇಳಲಿ. ತತ್ತ್ವಶಾಸ್ತ್ರದ ಪದವಿಯಲ್ಲಿ ವಚನ, ಕೀರ್ತನೆ, ಜೈನಪುರಾಣಗಳು ಮೂಲಪಾಠಗಳಾಗಿ ಬರಲಿ. ಪ್ರತಿ ವಿದ್ಯಾರ್ಥಿಯೂ ಪದವಿ ಪಡೆಯುವ ಮುನ್ನ, ತಾನು ಒಪ್ಪದ ಮತವೊಂದನ್ನು ಅದರ ಅನುಯಾಯಿಗಳೇ ತಲೆದೂಗುವಂತೆ ವಿವರಿಸಿ ಒಂದು ಪ್ರಬಂಧವನ್ನು ಕನ್ನಡದಲ್ಲಿ ಬರೆಯಲಿ. ಮಾಧ್ವರ ಮನೆಯ ಹುಡುಗಿ ಅಲ್ಲಮನನ್ನು, ಲಿಂಗಾಯತರ ಹುಡುಗ ಇಮಾಮ್ ಗಜಾಲಿಯನ್ನು, ಮುಸ್ಲಿಮರ ಹುಡುಗಿ ಅನೇಕಾಂತವಾದವನ್ನು, ಯಾವುದನ್ನೂ ನಂಬದವನು ರಾಮಾನುಜರ ಪ್ರಪತ್ತಿಯನ್ನು. ಮೂರೇ ವಿದ್ಯಾರ್ಥಿಗಳಿದ್ದರೂ ವಿಷಯವನ್ನು ಮುಚ್ಚದಿರಲಿ.

ಆ ಹುಡುಗನ ಸಂಗತಿ ಹೇಳಿ ಮುಗಿಸುತ್ತೇನೆ. ನೀಲಾಂಜನೆಯ ಪಾಠವಾದ ಮರುವಾರ ಅವನನ್ನು ನಿವೃತ್ತ ಅಧ್ಯಾಪಕರ ಮನೆಗೆ ನಾನೇ ಕರೆದೊಯ್ದೆ. ಆ ಬಳಿಕ ಪ್ರತಿ ಭಾನುವಾರವೂ ಅವನು ತಾನಾಗಿಯೇ ಹೋಗತೊಡಗಿದ. ಈ ವರ್ಷ ಬಿ.ಎ. ಮುಗಿಯಿತು. ಇತರ ವಿಷಯಗಳ ಪದವೀಧರರನ್ನೂ ಸೇರಿಸಿಕೊಳ್ಳುವ ತತ್ತ್ವಶಾಸ್ತ್ರದ ಎಂ.ಎ. ತರಗತಿಗೆ ಅರ್ಜಿ ಹಾಕಲು ಅವನು ನಿಶ್ಚಯಿಸಿದ. ಮೊನ್ನೆ ತಂದೆ ಮತ್ತೆ ಬಂದರು. ಈ ಸಲ ಒಬ್ಬರೇ.

"ಆವತ್ತು ಬ್ಯಾಡ ಅಂದ್ರಿ. ಈಗ ನೀವೇ ಓದ್ಲಿ ಅಂತ ಹೇಳಿದ್ರಂತೆ. ಯಾವ್ದು ನಿಜ ಮೇಷ್ಟ್ರೇ?" ಎಂದರು.

ಅಂದು ನಾನು ಹೆದರಿ ಹೇಳಿದೆನೆಂದು ಒಪ್ಪಿಕೊಂಡೆ. ಮಗ ಮನೆಯಲ್ಲಿ ಹೇಗಿದ್ದಾನೆಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿದರು. ಕಾವಿಯ ಮಾತಿಲ್ಲವಂತೆ. ಸೋಮವಾರ ತಾಯಿಯ ಜೊತೆ ಗುಡಿಗೂ ಹೋಗುತ್ತಾನಂತೆ. "ಆದ್ರೆ ಒಂದು ಮೇಷ್ಟ್ರೇ, ಈಗ ಏನೇ ಹೇಳಿದ್ರೂ, ನೀವು ಹೇಳಿದ್ದು ಹಿಂಗಲ್ವಾ ಅಪ್ಪಯ್ಯ ಅಂತ ಮೊದ್ಲು ನನ್ ಮಾತ್ನೇ ತಿರುಗಿ ನಂಗೆ ಹೇಳ್ತಾನೆ. ಆಮೇಲೆ ಜಗಳ ಆಡ್ತಾನೆ" ಎಂದರು. ಅದು ದೂರೋ ಮೆಚ್ಚುಗೆಯೋ ನನಗೆ ತಿಳಿಯಲಿಲ್ಲ. ಅರ್ಜಿಗೆ ಕೊನೆಯ ದಿನ ಯಾವುದೆಂದು ಕೇಳಿ, ಒಂದು ಚೀಟಿಯಲ್ಲಿ ಬರೆಸಿಕೊಂಡು, ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸಿಗೆ ಹೊರಟರು.